ಏರ್ ಸಸ್ಪೆನ್ಷನ್ ರಿಪೇರಿ: ಮೂರನೇ ಭಾನುವಾರ

ನನ್ನ ಗಾಡಿಯಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳಿವೆ (ಏರ್ ಸಸ್ಪೆನ್ಷನ್). ಅವಕ್ಕೆ ಗಾಳಿ ತುಂಬುವ ಕಂಪ್ರೆಸರ್ ಓಡದೆ ಹಿಂಭಾಗ ಕೂತಿತ್ತು. ಹೋದ ವಾರ ರಿಲೇ (ಕಂಪ್ರೆಸರಿಗೆ ಕರೆಂಟ್ ಕೊಡುವ ಸ್ವಿಚ್) ಬದಲಿಸಿದ ಮೇಲೆ ಅದು ಓಡಿತು, ಗಾಡಿಯ ಹಿಂಭಾಗ ಮೇಲೆದ್ದಿತು. ಗ್ಯಾರೇಜಿನಲ್ಲಿ ಕಂಪ್ರೆಸರೇ ಹೋಗಿದೆ ಅಂದಿದ್ದರು. ನಾನೂ ಹಾಗೇ ನಂಬುತ್ತಿದ್ದೆ. ಯಾಕೆಂದರೆ ಕಂಪ್ರೆಸರಿನ ಪ್ಲಗ್ ಬಿಚ್ಚಿ ಮೀಟರ್ ಹಿಡಿದಾಗ 12.5 ವೋಲ್ಟ್ ಸರಿಯಾಗಿಯೇ ಬರುತ್ತಿತ್ತು. ಆದರೆ ಪ್ಲಗ್ ಬಿಚ್ಚಿದಾಗ ಕರೆಂಟ್ ಹರಿಯುವುದೇ ಇಲ್ಲ, ಅಲ್ವಾ? ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಪ್ಲಗ್ ಹಾಕಿ, ಹಿಂದಿನಿಂದ ಪಿನ್ ತೂರಿಸಿ ಅಳೆದರೆ 6.8. ಅರ್ತ್ ಕಡೆ ಹೋಗಿದ್ದು ಬರೀ 0.2. ರಿಲೇಯ ಎರಡು ಕಾಲುಗಳ ನಡುವೆಯೇ 4.8 ವೋಲ್ಟ್ ಮಾಯ! ಬಿಚ್ಚಿ ನೋಡಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿತ್ತು.

ಅದು ಯಾಕೆ ಸುಟ್ಟಿತು ಅನ್ನುವುದು ವಾರವಿಡೀ ತಲೆಯಲ್ಲಿ ಕೊರೆಯಿತು. ಗಾಳಿ ಸೋರುತ್ತಿದೆಯೇ ಅಂತ ಏರ್ ಬ್ಯಾಗು, ಪೈಪುಗಳಿಗೆ ಸೋಪಿನ ನೀರು ಹಚ್ಚಿದೆ. ಎಲ್ಲೂ ಗುಳ್ಳೆ ಬರಲಿಲ್ಲ.

ಇವತ್ತು ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಹಿಂದಿನ ಎಡಗಡೆಯ ಹೈಟ್ ಸೆನ್ಸರ್ (ಗಾಡಿ ಎಷ್ಟು ಎತ್ತರದಲ್ಲಿದೆ ಅಂತ ಅಳೆಯುವುದು) ಕೋಡ್ ಬಂತು. ಕೋಡ್ ಬಂದ ಕೂಡಲೇ ಸೆನ್ಸರ್ ಕೊಳ್ಳಲು ಓಡಬೇಡಿ. ಅದು ಆ ಸರ್ಕ್ಯೂಟ್ ನೋಡು ಅನ್ನುತ್ತದೆ, ಅಷ್ಟೇ. ಗಾಡಿಗೆ ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋದೆ. ಗಾಳಿ ಇಳಿದರೆ ಗಾಡಿ ದಿಢೀರ್ ಕೂರುತ್ತದೆ, ಬರೀ ಜಾಕ್ ನಂಬಬಾರದು. ಸೆನ್ಸರಿನ ಮೂರು ವೈರುಗಳಲ್ಲಿ ಒಂದರಲ್ಲಿ 5 ವೋಲ್ಟ್ ಇದೆ, ಇನ್ನೊಂದರಲ್ಲಿ ಅರ್ತ್ ಇದೆ, ಮೂರನೆಯದು ಸಿಗ್ನಲ್. ಸಸ್ಪೆನ್ಷನ್ನಿಗೆ ಸೇರಿಸುವ ಲಿಂಕ್ ಕಡ್ಡಿ ಬಿಡಿಸಿ ಸೆನ್ಸರ್ ತೋಳನ್ನು ಕೈಯಿಂದ ತಿರುಗಿಸಿದರೆ ಸಿಗ್ನಲ್ 1ರಿಂದ 4 ವೋಲ್ಟಿನವರೆಗೆ ಎಲ್ಲೂ ಜಿಗಿಯದೆ ಏರಿತು. ಸೆನ್ಸರ್ ಸರಿಯಾಗಿದೆ. (ಕಂಪ್ರೆಸರ್ ವೈರಿಗೆ ಬಲ್ಬ್ ಹಾಕಿ ನೋಡಬಹುದು. ಈ 5 ವೋಲ್ಟ್ ವೈರಿಗೆ ಮಾತ್ರ ಬೇಡವೇ ಬೇಡ, ಕಂಟ್ರೋಲ್ ಯೂನಿಟ್ ಹಾಳಾದೀತು.)

ಆಮೇಲೆ ಕಂಟ್ರೋಲ್ ಯೂನಿಟ್ ಕಡೆ ಮೀಟರ್ ಸಿಕ್ಕಿಸಿ, ವೈರಿನ ಕಟ್ಟನ್ನು ಸುಮ್ನೆ ಗೇಣು ಗೇಣಾಗಿ ಅಲ್ಲಾಡಿಸುತ್ತಾ ಬಂದೆ. ಸಸ್ಪೆನ್ಷನ್ ಆರ್ಮಿನ ಹತ್ತಿರ ಬಾಗುವ ಜಾಗದಲ್ಲಿ ಸಿಗ್ನಲ್ ಸೊನ್ನೆಗೆ ಬಿತ್ತು! ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇತ್ತು. ಸೀಳಿದರೆ ಒಳಗಿನ ತಾಮ್ರ ಹಸಿರು ಪುಡಿ. ಎಷ್ಟು ಮಳೆಗಾಲದ ನೀರು ಕುಡಿದಿತ್ತೋ!

ಈಗ ಲೆಕ್ಕ ಕೂಡುತ್ತದೆ ಅನ್ನಿಸುತ್ತದೆ. ಪ್ರತಿ ಹೊಂಡಕ್ಕೂ ಸಿಗ್ನಲ್ ಹೋಗಿ ಬರುತ್ತಿತ್ತು, ಕಂಪ್ರೆಸರ್ ಸುಮ್ಮಸುಮ್ಮನೆ ಆನ್ ಆಫ್ ಆಗುತ್ತಿತ್ತು. ರಿಲೇ ಆ ಹೊಡೆತ ತಿಂದಿತ್ತು.

ಹಾಳಾದ ಭಾಗ ಕತ್ತರಿಸಿ, ಸ್ವಲ್ಪ ಜಾಸ್ತಿ ಉದ್ದದ ವೈರ್ ಬೆಸೆದು, ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದೆ. ಸಂಜೆ ಹೊಂಡದ ರಸ್ತೆಯಲ್ಲೇ 30 ಕಿಲೋಮೀಟರ್ ಓಡಿಸಿದೆ, ಎಚ್ಚರಿಕೆಯ ಲೈಟ್ ಬರಲಿಲ್ಲ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎರಡೂ ಕಡೆ ಅಳೆದು ಬರೆದಿಟ್ಟಿದ್ದೇನೆ. ರಾತ್ರಿ ಕೆಳಗಿಳಿದಿದೆಯೇ ನೋಡಲು ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಟೇಪ್ ಹಿಡಿಯುತ್ತೇನೆ.