ಒಂದು ಲಕ್ಷದೊಳಗೆ ವಿಡಿಯೊ: ಮಿರರ್‌ಲೆಸ್ ಕ್ಯಾಮೆರಾ ಆರಿಸುವಾಗ ನೋಡಬೇಕಾದ್ದು

ಮದುವೆ, ಯಕ್ಷಗಾನ, ಸಂಗೀತ ಕಛೇರಿ, ಶಾಲೆಯ ವಾರ್ಷಿಕೋತ್ಸವ, ಜತೆಗೆ ಸ್ವಂತದ್ದೊಂದು ಯೂಟ್ಯೂಬ್ ಚಾನೆಲ್. ನಮ್ಮ ಕಡೆ ಹೊಸದಾಗಿ ವಿಡಿಯೊಗೆ ಇಳಿಯುವವರ ಕೆಲಸ ಬಹುಪಾಲು ಇದರೊಳಗೇ ಇರುತ್ತದೆ. ಇದಕ್ಕೆಂದು ₹1 ಲಕ್ಷ ತೆಗೆದಿಟ್ಟಿದ್ದರೆ ಕ್ಯಾಮೆರಾ ಮತ್ತು ಕಿಟ್ ಲೆನ್ಸ್ (ಕ್ಯಾಮೆರಾದ ಜತೆಗೇ ಬರುವ ಲೆನ್ಸ್) ಎರಡೂ ಸೇರಿ ₹60,000-65,000 ದಾಟದಂತೆ ನೋಡಿಕೊಳ್ಳಿ. ಉಳಿದ ದುಡ್ಡು ಮೈಕ್, ಬೆಳಕು ಹಿಡಿಯುವ ಇನ್ನೊಂದು ಲೆನ್ಸ್, ಗಟ್ಟಿ ಟ್ರೈಪಾಡ್, ಕಾರ್ಡ್, ಬ್ಯಾಟರಿಗೆ ಬೇಕೇ ಬೇಕು. ದುಡ್ಡೆಲ್ಲ ಕ್ಯಾಮೆರಾಕ್ಕೇ ಸುರಿದು, ಅದರ ಒಳಮೈಕಿನಲ್ಲೇ ಭಾಗವತರ ಪದ ಹಿಡಿಯುವುದಾದರೆ ಆ ದುಡ್ಡು ಎಲ್ಲಿ ಹೋಯಿತೆಂದು ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಈಗ ಅಂಗಡಿಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾಗಳ ಮೇಲೂ 4ಕೆ ಎಂದು ಬರೆದಿರುತ್ತದೆ. ಕೇಳಬೇಕಾದ್ದು ಬೇರೆ: ಆ 4ಕೆ ಸೆನ್ಸರ್‌ನ ಪೂರ್ತಿ ಅಗಲದಿಂದ ಬರುತ್ತದೋ, ನಡುವಿನ ಒಂದು ತುಂಡಿನಿಂದಲೋ? ಕ್ಯಾನನ್ ಆರ್100 ಅಗ್ಗ, ಆದರೆ 4ಕೆಗೆ ಹಾಕಿದ ಕೂಡಲೇ ಚೌಕಟ್ಟು ಸುಮಾರು ಒಂದೂವರೆ ಪಟ್ಟು ಕಿರಿದಾಗುತ್ತದೆ. ಕಿಟ್ ಲೆನ್ಸ್‌ನ 18 ಎಂಎಂ ತುದಿ ಫುಲ್‌ಫ್ರೇಮ್ (ಹಳೆಯ ಫಿಲ್ಮ್ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ 45 ಎಂಎಂ ಆಸುಪಾಸಿನಂತೆ ಕಾಣುತ್ತದೆ. ಕಲ್ಯಾಣಮಂಟಪದಲ್ಲಿ ಗೋಡೆಗೆ ಒರಗಿ ನಿಂತರೂ ಮಂಟಪ ಪೂರ್ತಿ ಬರುವುದಿಲ್ಲ. ಅದರ ಮೇಲೆ, 4ಕೆಯಲ್ಲಿ ಡ್ಯುಯಲ್ ಪಿಕ್ಸೆಲ್ ಆಟೊಫೋಕಸ್ (ಕ್ಯಾನನ್‌ನ ಚುರುಕು ಫೋಕಸ್ ವ್ಯವಸ್ಥೆ) ಕೈಬಿಡುತ್ತದೆ, ಪರದೆ ತಿರುಗುವುದಿಲ್ಲ, ಟಚ್ ಕೂಡ ಇಲ್ಲ. ಸೆಕೆಂಡ್‌ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುವ ಕ್ಯಾನನ್ ಎಂ50 ಮಾರ್ಕ್ 2 ಕೂಡ 4ಕೆಯಲ್ಲಿ ಹೀಗೇ ಕತ್ತರಿಸುತ್ತದೆ, ಮೇಲಾಗಿ ಅದರ ಇಎಫ್-ಎಂ ಮೌಂಟ್ (ಲೆನ್ಸ್ ಕೂರುವ ಜೋಡಣೆ) ನಿಂತೇ ಹೋಗಿದೆ. ವಿಡಿಯೊಗೆಂದು ಇವೆರಡನ್ನೂ ಕೊಳ್ಳಬೇಡಿ.

ಸೋನಿ ಝಡ್‌ವಿ-ಇ10 (2021) ವಿಷಯದಲ್ಲಿ ಈ ಲೆಕ್ಕ ಸ್ವಲ್ಪ ಸೂಕ್ಷ್ಮ. 24 ಅಥವಾ 25 ಫ್ರೇಮ್‌ನ 4ಕೆಯಲ್ಲಿ ಸೆನ್ಸರ್‌ನ ಪೂರ್ತಿ ಅಗಲ ಬಳಕೆಯಾಗುತ್ತದೆ, 30 ಫ್ರೇಮ್‌ಗೆ ಹಾಕಿದರೆ 1.23 ಪಟ್ಟು ಕ್ರಾಪ್, ಅಂದರೆ ಚೌಕಟ್ಟು ಅಷ್ಟು ಕಿರಿದಾಗುತ್ತದೆ. ಇದರಲ್ಲಿ ಬಾಡಿಯೊಳಗಿನ ಸ್ಟೆಬಿಲೈಸೇಷನ್ (ಕೈನಡುಕ ತಡೆಯುವ ವ್ಯವಸ್ಥೆ) ಇಲ್ಲ. ಅದರ ಬದಲು ಇರುವ ಆ್ಯಕ್ಟಿವ್ ಮೋಡ್ ಆನ್ ಮಾಡಿದರೆ ಚೌಕಟ್ಟು ಇನ್ನಷ್ಟು, ಸುಮಾರು 1.44 ಪಟ್ಟು, ಒಳಗೆ ಸರಿಯುತ್ತದೆ. 16 ಎಂಎಂ ಲೆನ್ಸ್ ಮೊದಲಿಗೆ 24ರಂತೆ ಕಾಣುತ್ತಿದ್ದದ್ದು ಆ್ಯಕ್ಟಿವ್‌ನಲ್ಲಿ 35ರ ಹತ್ತಿರ ಬಂದುಬಿಡುತ್ತದೆ. ಕೈ ಚಾಚಿ ಹಿಡಿದು ಮಾತಾಡುವವರ ಚೌಕಟ್ಟಿನಲ್ಲಿ ಮುಖ ಬಿಟ್ಟು ಬೇರೇನೂ ಉಳಿಯದಿರುವುದು ಇದರಿಂದಲೇ. ನಡೆದಾಡುತ್ತಾ ವ್ಲಾಗ್ ಮಾಡುವವರು 10 ಅಥವಾ 11 ಎಂಎಂ ಲೆನ್ಸ್‌ನ ಖರ್ಚನ್ನು ಮೊದಲೇ ಸೇರಿಸಿಕೊಳ್ಳಬೇಕು. ಇನ್ನೊಂದು ಮಾತು: ಮಬ್ಬು ಬೆಳಕಿನಲ್ಲಿ ಆ್ಯಕ್ಟಿವ್ ಮೋಡ್ ಬಳಸಬೇಡಿ. ಶಟರ್ 1/50ರಲ್ಲಿರುವಾಗ, ಅಂದರೆ ಫ್ರೇಮ್ ಒಂದಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು ಬೀಳುವಾಗ, ಪ್ರತಿ ಫ್ರೇಮ್‌ನಲ್ಲೂ ಕೈನಡುಕದ ಮಸುಕು ಉಳಿದಿರುತ್ತದೆ. ಚೌಕಟ್ಟು ನಿಂತಿದ್ದರೂ ಚಿತ್ರ ಆಗಾಗ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತಿರುತ್ತದೆ, ನೋಡಲು ಹಿಂಸೆ.

ಇನ್ನು ಫ್ರೇಮ್ ರೇಟ್. ನಮ್ಮ ವಿದ್ಯುತ್ 50 ಹರ್ಟ್ಜ್. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳೆಲ್ಲ ಸೆಕೆಂಡಿಗೆ 100 ಸಲ ಮಿನುಗುತ್ತವೆ. 30 ಫ್ರೇಮ್, 1/60 ಶಟರ್ ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಮೆಲ್ಲಗೆ ಏರಿಳಿಯತೊಡಗುತ್ತವೆ. ಎಡಿಟಿಂಗ್‌ನಲ್ಲಿ ಅದನ್ನು ಚೊಕ್ಕಟವಾಗಿ ತೆಗೆಯಲು ಆಗುವುದಿಲ್ಲ. ಆದ್ದರಿಂದ ಕ್ಯಾಮೆರಾವನ್ನು ಪಾಲ್‌ಗೆ, ಅಂದರೆ 50 ಹರ್ಟ್ಜ್‌ಗೆ ಹಾಕಿ, 25 ಫ್ರೇಮ್, 1/50 ಶಟರ್ ಇಟ್ಟುಬಿಡಿ. ನಿಧಾನಗತಿಗೆ 50 ಅಥವಾ 100 ಫ್ರೇಮ್, 1/100 ಶಟರ್. ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ತರಿಸಿದ ಕ್ಯಾಮೆರಾ ಎನ್‌ಟಿಎಸ್‌ಸಿಯಲ್ಲಿ, ಅಂದರೆ 60 ಹರ್ಟ್ಜ್‌ನಲ್ಲಿ ಇರುತ್ತದೆ, ಮೆನುವಿನಲ್ಲಿ ಬದಲಿಸಬೇಕು. ಸೋನಿಯಲ್ಲಿ ಬದಲಿಸಿದ ಮೇಲೆ ಕಾರ್ಡ್ ಫಾರ್ಮ್ಯಾಟ್ ಕೇಳಬಹುದು, ಹಾಗಾಗಿ ಕಾರ್ಯಕ್ರಮದ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಹೀಗೆ ತರಿಸಿದ್ದರ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೇ ಸೀಮಿತ. ಜಪಾನಿನ ಒಳಮಾರುಕಟ್ಟೆಗೆ ಮಾಡಿದ ಸೋನಿಗಳಲ್ಲಿ ಹಲವಕ್ಕೆ ಜಪಾನಿ ಭಾಷೆಯ ಮೆನು ಮಾತ್ರ ಇರುವುದನ್ನೂ ನೆನಪಿಡಿ.

ವೇದಿಕೆಯ ಎಲ್‌ಇಡಿ ಪರದೆ, ಬಣ್ಣದ ಪಾರ್ ಲೈಟ್‌ಗಳು ಇದಕ್ಕೂ ಬಗ್ಗದಿರಬಹುದು, ಅವುಗಳ ಮಿನುಗು ವೇಗವೇ ಬೇರೆ. ಶಟರನ್ನು 1/50ರಿಂದ ಒಂದೊಂದೇ ಮೆಟ್ಟಿಲು ಆಚೀಚೆ ಸರಿಸಿ ಪಟ್ಟೆ ಕಡಿಮೆಯಾಗುವ ಜಾಗ ಹುಡುಕುವುದೊಂದೇ ದಾರಿ. ಕಾರ್ಯಕ್ರಮ ಶುರುವಾಗುವ ಮುಂಚೆ ಲೈಟಿನವರಿಗೆ ಹೇಳಿ ಎಲ್ಲ ಬಣ್ಣವನ್ನೂ ಒಮ್ಮೆ ಹಾಕಿಸಿ ನೋಡಿ. ಲೇಸರ್ ಇದ್ದರೆ ಅದರ ನೇರಕ್ಕೆ ಕ್ಯಾಮೆರಾ ಇಡಲೇಬೇಡಿ. ಕಿರಣ ಕ್ಷಣಮಾತ್ರ ಲೆನ್ಸ್‌ನೊಳಗೆ ಬಿದ್ದರೂ ಸೆನ್ಸರ್ ಸುಟ್ಟು ಚಿತ್ರದ ಉದ್ದಕ್ಕೂ ಗೆರೆ ಉಳಿಯಬಹುದು.

ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟವಾಗಲಿ, ಮೂರು ಗಂಟೆಯ ಕಾಲಮಿತಿ ಪ್ರಸಂಗವಾಗಲಿ, ಕ್ಯಾಮೆರಾ ನಡುವೆ ನಿಲ್ಲದೆ ಓಡುತ್ತದೆಯೇ ಎಂಬುದು ಚಿತ್ರದ ಗುಣಮಟ್ಟಕ್ಕಿಂತ ಮೊದಲಿನ ಪ್ರಶ್ನೆ. ಕ್ಯಾನನ್ ಆರ್50 ಒಂದು ಗಂಟೆಗೆ ತಾನಾಗಿ ನಿಲ್ಲುತ್ತದೆ, ಮತ್ತೆ ಒತ್ತಬೇಕು. ನಿಕಾನ್ ಝಡ್30 ಗರಿಷ್ಠ 125 ನಿಮಿಷ. ಝಡ್‌ವಿ-ಇ10ಕ್ಕೆ ಅಂಥ ಮಿತಿಯಿಲ್ಲ, ಬಿಸಿಯೇ ಅದರ ಮಿತಿ. ಅದರ ಮೆನುವಿನಲ್ಲಿ ತಾಪಕ್ಕೆ ಆಫ್ ಆಗುವ ಮಟ್ಟವನ್ನು 'ಹೈ' ಮಾಡಿ, ಪರದೆಯನ್ನು ಬಾಡಿಯಿಂದ ಹೊರಕ್ಕೆ ತೆರೆದಿಡಿ. ಮುಚ್ಚಿದ ಪರದೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಏಪ್ರಿಲ್‌ನಲ್ಲಿ ಮಂಗಳೂರಿನ ಬಯಲಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮವಾದರೆ ಇಷ್ಟು ಸಾಲದು, ಕ್ಯಾಮೆರಾದ ಮೇಲೆ ಕೊಡೆ ಬೇಕು.

ಝಡ್‌ವಿ-ಇ10ರ ಎನ್‌ಪಿ-ಎಫ್‌ಡಬ್ಲ್ಯು50 ಬ್ಯಾಟರಿ 1020 ಎಂಎಎಚ್‌ನದು, 4ಕೆಯಲ್ಲಿ ಎರಡು ಗಂಟೆಯ ಕಾರ್ಯಕ್ರಮಕ್ಕೆ ಒಂದನ್ನೇ ನಂಬಿ ಹೋಗುವಂತಿಲ್ಲ. ಯುಎಸ್‌ಬಿ-ಸಿ ಮೂಲಕ ಪವರ್ ಕೊಡುತ್ತಲೇ ರೆಕಾರ್ಡ್ ಮಾಡಬಹುದು, ಬ್ಯಾಟರಿ ಒಳಗೇ ಇರಲಿ. ಆರ್50ಕ್ಕೆ ಪಿಡಿ (ಪವರ್ ಡೆಲಿವರಿ) ಇರುವ ಪವರ್ ಬ್ಯಾಂಕೇ ಬೇಕು, ಸಾದಾ ಫೋನ್ ಚಾರ್ಜರ್ ನಡೆಯುವುದಿಲ್ಲ. ಕಾರ್ಡಿನ ಲೆಕ್ಕ ಸುಲಭ: 4ಕೆಯ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಅಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. 64 ಜಿಬಿ ಕಾರ್ಡ್ ಸುಮಾರು 80 ನಿಮಿಷಕ್ಕೆ ತುಂಬುತ್ತದೆ. ವೇಗಕ್ಕೆ ವಿ30 ಗುರುತಿನ ಕಾರ್ಡ್ ಧಾರಾಳವಾಯಿತು, ವಿ90ಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ.

ಶಬ್ದದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಅಗ್ಗದ ವಿಡಿಯೊ ಅಗ್ಗವೆಂದು ಗೊತ್ತಾಗುವುದು ಇಲ್ಲಿಯೇ. ಮೈಕ್ ಜ್ಯಾಕ್ ಎಲ್ಲದರಲ್ಲೂ ಇದೆ. ಹೆಡ್‌ಫೋನ್ ಜ್ಯಾಕ್ ಝಡ್‌ವಿ-ಇ10ರಲ್ಲಿ ಇದೆ, ಆರ್50 ಮತ್ತು ಝಡ್30ರಲ್ಲಿ ಇಲ್ಲ. ಪರದೆಯ ಮೇಲೆ ಲೆವೆಲ್ ಪಟ್ಟಿ ಕುಣಿಯುತ್ತಿದ್ದರೂ ಒಳಗೆ ಗೊರಗೊರ ಸದ್ದು ತುಂಬುತ್ತಿರಬಹುದು, ಕಿವಿಗೆ ಹಾಕಿಕೊಳ್ಳದೆ ಅದು ತಿಳಿಯುವುದಿಲ್ಲ. ವೈರ್‌ಲೆಸ್ ಮೈಕಿನ ಜತೆ ಬರುವ ಕೇಬಲ್ ಪಿನ್ನಿನ ಮೇಲಿನ ಕಪ್ಪು ಪಟ್ಟಿಗಳನ್ನು ಎಣಿಸಿ. ಎರಡಿದ್ದರೆ ಟಿಆರ್‌ಎಸ್, ಅದು ಕ್ಯಾಮೆರಾದ್ದು. ಮೂರಿದ್ದರೆ ಟಿಆರ್‌ಆರ್‌ಎಸ್, ಅದು ಫೋನಿನದು. ಫೋನಿನ ಕೇಬಲ್ ಕ್ಯಾಮೆರಾಕ್ಕೆ ಹಾಕಿದರೆ ಶಬ್ದ ಬರದೆ ಇರಬಹುದು, ಇಲ್ಲವೇ ಸಣ್ಣದಾಗಿ ಬರಬಹುದು, ಆಗ ಮೈಕೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕ್ಯಾಮೆರಾದ ಒಳಗಿನ ಪ್ರೀಆಂಪ್ (ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ) ಅಷ್ಟೇನೂ ಚೆನ್ನಾಗಿರುವುದಿಲ್ಲ. ಅದರ ಲೆವೆಲ್ ತೀರಾ ಕೆಳಗಿಟ್ಟು, ಬೇಕಾದ ಗೇನ್ ಅನ್ನು ವೈರ್‌ಲೆಸ್ ಸೆಟ್‌ನಲ್ಲೇ ಏರಿಸಿಕೊಂಡರೆ ಹಿಸ್ (ಸುಯ್ಯೆನ್ನುವ ಸದ್ದು) ಬಹಳ ಕಡಿಮೆಯಾಗುತ್ತದೆ.

ಯಕ್ಷಗಾನದಲ್ಲಿ ಆಟೊ ಲೆವೆಲ್ ಪೂರ್ತಿ ಆಫ್ ಇರಬೇಕು. ಚೆಂಡೆ ಬಿದ್ದೊಡನೆ ಆಟೊ ಶಬ್ದವನ್ನು ಕುಗ್ಗಿಸುತ್ತದೆ, ಅದು ನಿಂತ ಮೇಲೆ ಶ್ರುತಿ, ಫ್ಯಾನು, ಜನರ ಗುಜುಗುಜು ಎಲ್ಲವನ್ನೂ ಮೇಲೆತ್ತುತ್ತದೆ. ಚೆಂಡೆಯ ಜೋರು ಪೆಟ್ಟು -6 ಡಿಬಿ ದಾಟದಂತೆ ಕೈಯಿಂದ ಹೊಂದಿಸಿ. ಆಗ ಮಾತು ಸಣ್ಣದಾಗಿಯೇ ಬರುತ್ತದೆ, ಅದನ್ನು ಆಮೇಲೆ ಏರಿಸಬಹುದು, ಆದರೆ ಒಡೆದ ಶಬ್ದವನ್ನು ಕೂಡಿಸಲಾಗದು. ಧ್ವನಿವರ್ಧಕದವರ ಮಿಕ್ಸರ್‌ನಿಂದ ಲೈನ್ ತೆಗೆದುಕೊಳ್ಳುವುದಾದರೆ ಅದು ಮೈಕ್ ಮಟ್ಟಕ್ಕಿಂತ ಹತ್ತಾರು ಡಿಬಿ ಜೋರು. ನೇರ ಹಾಕಿದರೆ ಲೆವೆಲ್ ಎಷ್ಟು ಇಳಿಸಿದರೂ ಒಡೆಯುತ್ತದೆ. ನಡುವೆ ಅಟೆನ್ಯುಯೇಟರ್ (ಸಂಕೇತ ತಗ್ಗಿಸುವ ಸಾಧನ) ಇರುವ ಕೇಬಲ್ ಬೇಕು, ಅಥವಾ ಕೆಲವು ಕ್ಯಾಮೆರಾಗಳ ಹಾಗೆ ಜ್ಯಾಕನ್ನು ಲೈನ್‌ಗೆ ಬದಲಿಸುವ ಸೌಲಭ್ಯ ಇರಬೇಕು. ಲೈನ್ ಕೊಟ್ಟ ಕೂಡಲೇ ಗುಂಯ್ ಎಂಬ ಸದ್ದು ಶುರುವಾದರೆ ಅದು ಗ್ರೌಂಡ್ ಲೂಪ್ (ಎರಡು ಸಾಧನಗಳ ಅರ್ತ್ ನಡುವಿನ ತೊಂದರೆ). ಕ್ಯಾಮೆರಾವನ್ನು ಗೋಡೆಯ ಪ್ಲಗ್‌ನಿಂದ ತೆಗೆದು ಪವರ್ ಬ್ಯಾಂಕಿಗೆ ಹಾಕಿ, ಹೆಚ್ಚಿನ ಸಲ ಅಲ್ಲಿಗೇ ನಿಲ್ಲುತ್ತದೆ.

ಲೆನ್ಸ್‌ಗೆ ಮೊದಲು ದೂರ ಅಳೆಯಿರಿ. ಎಪಿಎಸ್-ಸಿ ಸೆನ್ಸರ್ (ಇಲ್ಲಿನ ಸೋನಿ, ನಿಕಾನ್, ಫ್ಯೂಜಿ ಕ್ಯಾಮೆರಾಗಳದ್ದು) ಸುಮಾರು 23.5 ಎಂಎಂ ಅಗಲ. ಅದನ್ನು ಲೆನ್ಸ್‌ನ ಎಂಎಂನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಚೌಕಟ್ಟಿನ ಅಗಲ ಸಿಗುತ್ತದೆ. ರಂಗಸ್ಥಳದಿಂದ 10 ಮೀಟರ್ ದೂರದಲ್ಲಿ ಕಿಟ್ ಲೆನ್ಸ್‌ನ 50 ಎಂಎಂ ತುದಿಗೆ 4.7 ಮೀಟರ್ ಅಗಲ, 2.6 ಮೀಟರ್ ಎತ್ತರ ಸಿಕ್ಕುತ್ತದೆ: ಕಿರೀಟ ಸಮೇತ ಒಬ್ಬ ವೇಷಧಾರಿ, ಸುತ್ತ ಒಂದಿಷ್ಟು ಜಾಗ. ಅರ್ಧ ದೇಹದ ಶಾಟ್ ಬೇಕೆಂದರೆ 6 ಮೀಟರಿಗೆ ಸರಿದು 56 ಎಂಎಂ ಹಾಕಬೇಕು, ಆಗ ಎತ್ತರ 1.4 ಮೀಟರ್. ಸಿಗ್ಮಾ 56 ಎಂಎಂ ಎಫ್1.4 ಸೋನಿ, ಫ್ಯೂಜಿ, ನಿಕಾನ್, ಕ್ಯಾನನ್ ನಾಲ್ಕೂ ಮೌಂಟ್‌ಗೆ ಸಿಗುತ್ತದೆ. ಎಫ್ ಅಂಕೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಸೋನಿಯ ಕಿಟ್ ಲೆನ್ಸ್ ಆ ತುದಿಯಲ್ಲಿ ಎಫ್5.6. ಎಫ್1.4 ಅದಕ್ಕಿಂತ ನಾಲ್ಕು ಸ್ಟಾಪ್ (ಒಂದು ಸ್ಟಾಪ್‌ಗೆ ಬೆಳಕು ಎರಡು ಪಟ್ಟು), ಅಂದರೆ 16 ಪಟ್ಟು ಬೆಳಕು ಒಳಬಿಡುತ್ತದೆ. ಒಂದು 6400 ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಬೇಡಿದ ಕಡೆ ಇನ್ನೊಂದಕ್ಕೆ 400 ಸಾಕು. ಇಷ್ಟು ವ್ಯತ್ಯಾಸವನ್ನು ಯಾವ ದುಬಾರಿ ಬಾಡಿಯೂ ಕೊಡುವುದಿಲ್ಲ. ಮುಖವರ್ಣಿಕೆ ದಟ್ಟವಾಗಿದ್ದಾಗ ಕಣ್ಣು ಹುಡುಕುವ ಆಟೊಫೋಕಸ್ ತಪ್ಪಬಹುದು, ಆಗ ಪರದೆ ಮುಟ್ಟಿ ಟ್ರ್ಯಾಕಿಂಗ್ ಕೊಡಿ.

ಹಗಲಿನ ಹೊರಾಂಗಣಕ್ಕೆ ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜು) ಬೇಕು. ಬಿಸಿಲಿನಲ್ಲಿ ಐಎಸ್‌ಒ 100, 1/50 ಶಟರ್‌ಗೆ ಅಪರ್ಚರ್ ಎಫ್22 ಆಗುತ್ತದೆ. ಎಫ್2.8ಕ್ಕೆ ತರಲು ಆರು ಸ್ಟಾಪ್ ಕತ್ತಲು ಬೇಕು, ಅಂದರೆ ಎನ್‌ಡಿ64. ಲಾಗ್ ಪ್ರೊಫೈಲ್‌ಗೆ (ಆಮೇಲೆ ಬಣ್ಣ ತಿದ್ದಲೆಂದು ಪೇಲವವಾಗಿ ತೆಗೆಯುವ ಬಗೆ) ಆತುರಪಡಬೇಡಿ. ಝಡ್‌ವಿ-ಇ10, ಝಡ್30 ಎರಡೂ 8-ಬಿಟ್, ಅಂದರೆ ಬಣ್ಣವೊಂದಕ್ಕೆ 256 ಮೆಟ್ಟಿಲು. ಸೋನಿಯ ಎಸ್-ಲಾಗ್3ನಲ್ಲಿ ತೆಗೆದು ಎಳೆದರೆ ಆಕಾಶ ಪಟ್ಟೆಪಟ್ಟೆಯಾಗುತ್ತದೆ. 10-ಬಿಟ್‌ನಲ್ಲಿ 1024 ಮೆಟ್ಟಿಲು, ಲಾಗ್ ಅಲ್ಲಿ ಬಳಸುವಂಥದ್ದು.

ಹಾಗಾದರೆ ಯಾವುದು? ವೇದಿಕೆ, ಮದುವೆ, ಸಂದರ್ಶನ ಎಲ್ಲಕ್ಕೂ ಒಂದೇ ಬೇಕು ಎನ್ನುವವರಿಗೆ ನನ್ನ ಮಾತು ಈಗಲೂ ಝಡ್‌ವಿ-ಇ10. ಹೆಡ್‌ಫೋನ್ ಜ್ಯಾಕ್, ಮಿತಿಯಿಲ್ಲದ ರೆಕಾರ್ಡಿಂಗ್, ಅಗ್ಗದಿಂದ ದುಬಾರಿಯವರೆಗೆ ಲೆನ್ಸ್‌ಗಳ ಸಾಲು, ಮೂರೂ ಒಟ್ಟಿಗೆ ಈ ಬೆಲೆಗೆ ಬೇರೆಲ್ಲಿಯೂ ಇಲ್ಲ. ಅದರ ದೊಡ್ಡ ದೋಷ ರೋಲಿಂಗ್ ಶಟರ್. 4ಕೆಯಲ್ಲಿ ಸೆನ್ಸರ್ ಓದಿ ಮುಗಿಸಲು ಸೆಕೆಂಡಿನ ಸುಮಾರು ಮೂವತ್ತನೇ ಒಂದು ಭಾಗ ಹಿಡಿಯುತ್ತದೆ, ಬೇಗ ತಿರುಗಿಸಿದರೆ ಕಂಬಗಳು ವಾಲುತ್ತವೆ. ಬಸ್ಸಿನ ಕಿಟಕಿಯಿಂದ ತೆಗೆಯುವವರಿಗೆ ಇದು ಬೇಡ. ಕೂತು ಮಾತಾಡುವ ಅಡುಗೆ, ಪಾಠದ ಚಾನೆಲ್‌ಗೆ ಆರ್50 ಬಹಳ ಚೆನ್ನ. 6ಕೆಯಿಂದ ಇಳಿಸಿದ 4ಕೆ, ಕ್ರಾಪ್ ಇಲ್ಲ, ಚರ್ಮದ ಬಣ್ಣ ತಿದ್ದುವ ಕೆಲಸ ಕಡಿಮೆ. ಫ್ಯೂಜಿಫಿಲ್ಮ್ ಎಕ್ಸ್-ಎಂ5 (2024) 10-ಬಿಟ್, 6.2ಕೆ ಓಪನ್ ಗೇಟ್ (ಸೆನ್ಸರ್ ಪೂರ್ತಿ ಬಳಸುವ ಚಿತ್ರ) ಕೊಡುತ್ತದೆ, ಒಂದೇ ಶಾಟ್‌ನಿಂದ ಅಡ್ಡ ವಿಡಿಯೊ, ಉದ್ದ ರೀಲ್ ಎರಡನ್ನೂ ಕತ್ತರಿಸಬಹುದು. ಎಡಿಟಿಂಗ್ ಬಲ್ಲವರಿಗೆ ಅದು ಸಾರ್ಥಕ, ಆದರೆ ಬಜೆಟ್‌ನ ಬಹುಪಾಲನ್ನು ಅದೇ ನುಂಗುತ್ತದೆ.

ಸೆಕೆಂಡ್‌ಹ್ಯಾಂಡ್‌ಗೆ ಹೆದರದವರು ಪ್ಯಾನಾಸಾನಿಕ್ ಜಿಎಚ್5 (2017) ಹುಡುಕಿ. 10-ಬಿಟ್ 4:2:2 (ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ), ಬಾಡಿಯಲ್ಲೇ ಸ್ಟೆಬಿಲೈಸೇಷನ್, ಎರಡು ಕಾರ್ಡ್, ದೊಡ್ಡ ಎಚ್‌ಡಿಎಂಐ, ಮಿತಿಯಿಲ್ಲದ ರೆಕಾರ್ಡಿಂಗ್. ವಿಡಿಯೊದಲ್ಲಿ ಅದರ ಆಟೊಫೋಕಸ್ ನಂಬುವಂಥದ್ದಲ್ಲ, ಹಿಂದೆ ಮುಂದೆ ಹುಡುಕಾಡುತ್ತದೆ. ಟ್ರೈಪಾಡ್ ಮೇಲಿಟ್ಟು ಕೈಯಿಂದ ಫೋಕಸ್ ಮಾಡುವ ವೇದಿಕೆ ಕೆಲಸಕ್ಕೆ ಅಡ್ಡಿಯಿಲ್ಲ.

ಹಳೆಯದನ್ನು ಕೊಳ್ಳುವಾಗ ಶಟರ್ ಕೌಂಟ್‌ಗಿಂತ (ಎಷ್ಟು ಫೋಟೊ ತೆಗೆದಿದೆ ಎಂಬ ಲೆಕ್ಕ) ಬೇರೆಯವು ಮುಖ್ಯ. ಎಫ್16ರಲ್ಲಿ ಬಿಳಿ ಗೋಡೆ ತೆಗೆದು ಕಲೆ ನೋಡಿ. ಲೆನ್ಸ್ ಮುಚ್ಚಿ, ಐಎಸ್‌ಒ ಏರಿಸಿ ಒಂದು ನಿಮಿಷ ರೆಕಾರ್ಡ್ ಮಾಡಿ, ಬಣ್ಣದ ಚುಕ್ಕಿ ಅಥವಾ ಗೆರೆ ಇದ್ದರೆ ಬೇಡ. ಪರದೆಯನ್ನು ಮೆಲ್ಲಗೆ ಪೂರ್ತಿ ತಿರುಗಿಸಿ, ನಡುವೆ ಎಲ್ಲಾದರೂ ಮಿಟುಕಿದರೆ ಒಳಗಿನ ರಿಬ್ಬನ್ ಹೋಗುತ್ತಿದೆ ಎಂದರ್ಥ. ಮೈಕ್ ಪಿನ್ ಹಾಕಿ ಅಲ್ಲಾಡಿಸುತ್ತಾ ಕೇಳಿ. ಕೊನೆಗೆ 4ಕೆ 25ರಲ್ಲಿ 40 ನಿಮಿಷ ಬಿಡದೆ ಓಡಿಸಿ, ಮಾರುವವರು ಒಪ್ಪದಿದ್ದರೆ ಬಿಟ್ಟು ಬನ್ನಿ. ಮಲೆನಾಡು, ಕರಾವಳಿಯಿಂದ ಬಂದ ಲೆನ್ಸ್ ಆದರೆ ಟಾರ್ಚ್ ಹಿಡಿದು ಹಿಂದಿನಿಂದ ಒಳಗೆ ನೋಡಿ, ಜೇಡರಬಲೆಯಂತೆ ಎಳೆಗಳು ಕಂಡರೆ ಅದು ಫಂಗಸ್. ನಿಮ್ಮದಕ್ಕೂ ಅದೇ ಗತಿ ಬಾರದಿರಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ₹300-400ರ ಹೈಗ್ರೋಮೀಟರ್ ಸಾಕು. ತೇವ 40ರಿಂದ 50 ಶೇಕಡ ಇರಲಿ, ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.