ಮೂರು ವಾರಕ್ಕೊಮ್ಮೆ ಅದೇ ನಂಬರ್

ಇಂಗ್ಲೆಂಡಿನ ಬಂದರು ಊರು ಸೌತಾಂಪ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅವರ ತಾಯಿಯ ತಂದೆ ಹಡಗಿನಲ್ಲಿ ಫೈರ್‌ಮನ್, ಅಂದರೆ ಬಾಯ್ಲರ್ ಉರಿಸುವ ಕೆಲಸದವರು. "ಅಪ್ಪ ಮನೆಗೇ ಬರ್ತಿರಲಿಲ್ಲ" ಅಂತ ತಾಯಿ ಕೊನೇವರೆಗೂ ಕೊರಗುತ್ತಿದ್ದರಂತೆ. ಆ ಮನುಷ್ಯ ಎಲ್ಲೆಲ್ಲಿ ಇದ್ದರು ಅಂತ ತಿಳಿಯೋಕೆ ಅಜ್ಜಿ ದಾಖಲೆ ತರಿಸಿಕೊಂಡಿದ್ದರು. ನನಗೆ ಹಳೇ ಕಾಗದ ಓದುವ ಹುಚ್ಚು. ಭಾನುವಾರ ಮಧ್ಯಾಹ್ನ ಕರೆದರು.

ಮೇಜಿನ ಮೇಲೆ ಎರಡು ಕಾರ್ಡಿನ ಪ್ರತಿಗಳಿದ್ದವು. ಒಂದು ಸಿಆರ್10, ಅಂದರೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ನಾವಿಕರ ಸರ್ಕಾರಿ ನೋಂದಣಿ ಕಾರ್ಡು. 1918ರಿಂದ 1921ರವರೆಗಿನ ಈ ಕಾರ್ಡುಗಳಲ್ಲಿ ನಾವಿಕರ ಫೋಟೋ ಇರುತ್ತದೆ. ಎತ್ತರ, ಕಣ್ಣಿನ ಬಣ್ಣ, ಮುಂದೋಳಿನ ಮೇಲೊಂದು ಹಚ್ಚೆ, ಎಲ್ಲ ಬರೆದಿತ್ತು. ಫೋಟೋದ ಗಲ್ಲದ ಮೇಲೆ ಬೆರಳಿಟ್ಟು ಅಜ್ಜಿ, "ಇದು ನಮ್ಮಮ್ಮನ ಗಲ್ಲ, ನೋಡಪ್ಪಾ" ಅಂದರು.

ಇನ್ನೊಂದು ಸಿಆರ್2, ಅದಾದ ಮೇಲಿನ ವರ್ಷಗಳ ನೋಂದಣಿ ಕಾರ್ಡು. ಅದರಲ್ಲಿ ಊರಿಲ್ಲ, ಹಡಗಿನ ಹೆಸರೂ ಇಲ್ಲ. ಬರೀ ನಂಬರ್, ಪಕ್ಕದಲ್ಲಿ ತಾರೀಖು. 131346. ಕೆಳಗೆ ಮತ್ತೆ 131346. ಮತ್ತೆ ಅದೇ. ಅದು ತಾತನ ನಂಬರ್ ಇರಬೇಕು ಅಂತ ಅಜ್ಜಿ ಅಂದುಕೊಂಡಿದ್ದರು. ಅಲ್ಲ, ಅದು ಹಡಗಿನ ಅಧಿಕೃತ ನಂಬರ್. ಒಂದೇ ಹೆಸರಿನ ಹಡಗುಗಳು ಎಷ್ಟೋ ಇರುತ್ತವೆ. ಮಾರಿದಾಗ ಹೆಸರೂ ಬದಲಾಗುತ್ತದೆ. ಈ ನಂಬರ್ ಮಾತ್ರ ಬದಲಾಗೋದಿಲ್ಲ. ಹಾಗಾಗಿ ನಾನು ಯಾವಾಗಲೂ ಹೆಸರಿಗಿಂತ ನಂಬರನ್ನೇ ಜಾಸ್ತಿ ನಂಬುತ್ತೇನೆ. 131346 ಅಂದರೆ ಒಲಿಂಪಿಕ್, ಟೈಟಾನಿಕ್‌ನ ಜೋಡಿ ಹಡಗು.

ತಾತ ಒಲಿಂಪಿಕ್‌ನಲ್ಲಿ ಕಲ್ಲಿದ್ದಲು ತುಂಬಿ ತುಂಬಿ ಬೆನ್ನು ಮುರಿದುಕೊಂಡರು ಅಂತ ಮನೆಯಲ್ಲಿ ಮಾತಿತ್ತು. ಆದರೆ ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಹಡಗಿಗೆ ಎಣ್ಣೆಯ ಬರ್ನರ್ ಹಾಕಿದ್ದರು. 1920ರಲ್ಲಿ ಅದು ಮತ್ತೆ ಓಡಾಟಕ್ಕೆ ಇಳಿದಿದ್ದೇ ಎಣ್ಣೆಯ ಮೇಲೆ. ಇವರು ಹತ್ತಿದ್ದು ಅದಾದ ಮೇಲೆ. ಬೆನ್ನು ಮುರಿದಿದ್ದರೆ ಅದಕ್ಕೂ ಹಿಂದಿನ ಯಾವುದೋ ಹಡಗಿನಲ್ಲಿ.

ಆಮೇಲೆ ತಾರೀಖುಗಳನ್ನು ನೋಡಿದೆವು. ಅವು ಕೆಲಸಕ್ಕೆ ಸಹಿ ಹಾಕಿದ ದಿನಗಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಹೆಚ್ಚೂ ಕಡಿಮೆ ಮೂರು ವಾರ. ಒಲಿಂಪಿಕ್‌ನ ಮಾಲೀಕರಾದ ವೈಟ್ ಸ್ಟಾರ್ ಕಂಪನಿ ಆಗ ಮೆಜೆಸ್ಟಿಕ್, ಒಲಿಂಪಿಕ್, ಹೋಮರಿಕ್ ಮೂರನ್ನೂ ಸರದಿ ಮೇಲೆ ನ್ಯೂಯಾರ್ಕಿಗೆ ಓಡಿಸುತ್ತಿತ್ತು. ವಾರಕ್ಕೊಂದು ಹಡಗು ಸೌತಾಂಪ್ಟನ್ ಬಿಡಬೇಕು. ಹೋಗಿ ಬಂದು, ಇಲ್ಲಿ ಕೆಲವು ದಿನ ನಿಂತು, ಮತ್ತೆ ಹೊರಡೋದು.

"ಅಂದ್ರೆ ತಿಂಗಳುಗಟ್ಟಲೆ ದೂರ ಇರಲಿಲ್ಲ, ಅಲ್ವಾ?" ಅಂದರು ಅಜ್ಜಿ. ಅವರ ತಾಯಿ ಬೆಳೆದದ್ದು ಇದೇ ಊರಿನ ನಾರ್ತಮ್‌ನಲ್ಲಿ. ಹಡಗುಕಟ್ಟೆಯಿಂದ ನಡೆದೇ ಬರಬಹುದು.

ಅವರಿಗೆ ಸಮಾಧಾನ ಆಗಲಿ ಅಂತ ಸುಮ್ನೆ ಏನೋ ಒಂದು ಹೇಳಿಬಿಡೋದು ನನಗೆ ಸರಿ ಅನಿಸಲಿಲ್ಲ. ಹಡಗು ಊರಿಗೆ ಬಂದಿತ್ತು ಅನ್ನೋದಕ್ಕೆ ಈ ತಾರೀಖುಗಳು ಸಾಕ್ಷಿ. ಅವರು ಮನೆಗೆ ಬಂದರಾ ಅನ್ನೋದಕ್ಕೆ ಅಲ್ಲ. ಅದನ್ನೇ ಹೇಳಿದೆ.

ಆದರೆ ಇನ್ನೊಂದು ದಾರಿ ಇದೆ. ಪ್ರಯಾಣಕ್ಕೆ ಮೊದಲು ಸಿಬ್ಬಂದಿ ಸಹಿ ಹಾಕುವ ಕರಾರುಪತ್ರದಲ್ಲಿ ಮನೆ ವಿಳಾಸದ ಕಾಲಂ ಇರುತ್ತದೆ. ಆ ಕಾಲದ ಪತ್ರಗಳಲ್ಲಿ ಹೆಚ್ಚಿನವು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿವೆ. ಶೇ. 10ರಷ್ಟು ಲಂಡನ್‌ನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 5ರಲ್ಲಿ ಕೊನೆಯಾಗುವ ವರ್ಷಗಳ ಉಳಿದ ಪತ್ರಗಳು ಮಾತ್ರ ಗ್ರೀನಿಚ್‌ನ ಕಡಲ ಮ್ಯೂಸಿಯಂನಲ್ಲಿವೆ. ಕಾರ್ಡಿನಲ್ಲಿ 1925ರ ಸಾಲುಗಳೂ ಇದ್ದವು. ಹಡಗಿನ ನಂಬರ್, ವರ್ಷ ಹಾಕಿ ಗ್ರೀನಿಚ್‌ಗೆ ಅಲ್ಲೇ ಕೂತು ಪತ್ರ ಬರೆದೆವು. ತಾತ ಯಾವ ಬೀದಿಯ ವಿಳಾಸ ಕೊಟ್ಟಿದ್ದರು, ಅಷ್ಟು ಗೊತ್ತಾದರೆ ಸಾಕು ಅಂತ ಅಜ್ಜಿ ಕೊನೆಗೊಂದು ಸಾಲು ಸೇರಿಸಿದರು.