ಬೆಕ್ಕಿನ ಆಕಾರ, ಆನೆಯ ಚರ್ಮ

14 ಜೂನ್ 2024, ಶುಕ್ರವಾರ

ಊಟ ಆದ ಮೇಲೆ ಕಂಡದ್ದನ್ನು ಮೆದುಳು ಹೇಗೆ ಗುರುತಿಸುತ್ತದೆ ಅನ್ನುವ ಬಗ್ಗೆ ಎಂಐಟಿಯ ವಿಜ್ಞಾನಿಗಳಾದ ಯಾಮಿನ್ಸ್, ಡಿಕಾರ್ಲೊ ತಂಡದ 2014ರ ಪೇಪರ್ ಮತ್ತೆ ಓದಿದೆ. ಹತ್ತು ವರ್ಷ ಹಳೆಯದು, ಮಜಾ ಮಾತ್ರ ಕಡಿಮೆ ಆಗಿಲ್ಲ.

ಮಕಾಕ್ ಕೋತಿಗಳಿಗೆ ಕಾರು, ಕುರ್ಚಿ, ಹಣ್ಣು, ಮುಖ ಹೀಗೆ 64 ವಸ್ತುಗಳ ಸಾವಿರಾರು ಚಿತ್ರ ತೋರಿಸಿದರು. ಯಾವ ಚಿತ್ರಕ್ಕೆ ಮೆದುಳಿನ ಯಾವ ನ್ಯೂರಾನ್ (ನರಕೋಶ) ಎಷ್ಟು ಮಿಡಿಯುತ್ತದೆ ಅಂತ ಎಲೆಕ್ಟ್ರೋಡ್ ಇಟ್ಟು ಅಳೆದರು. ಇತ್ತ ಒಂದು ನ್ಯೂರಲ್ ನೆಟ್‌ವರ್ಕ್, ಅಂದರೆ ಲೇಯರ್ ಮೇಲೆ ಲೇಯರ್ ಲೆಕ್ಕ ಮಾಡುತ್ತಾ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಮಾಡೆಲ್. ಅದಕ್ಕೆ ಕಲಿಸಿದ್ದು ಚಿತ್ರದಲ್ಲಿರುವ ವಸ್ತು ಗುರುತಿಸುವುದನ್ನು ಅಷ್ಟೇ, ಮೆದುಳಿನ ಡೇಟಾ ಅದರ ಕಣ್ಣಿಗೇ ಬಿದ್ದಿರಲಿಲ್ಲ. ಆದರೂ ಅದರ ಕೊನೆಯ ಲೇಯರಿನ ಅಂಕಿಗಳಿಗೆ ಒಂದೊಂದಕ್ಕೂ ಇಷ್ಟಿಷ್ಟು ತೂಕ ಕೊಟ್ಟು ಕೂಡಿಸಿದರೆ ಕೋತಿಯ ಐಟಿ ಕಾರ್ಟೆಕ್ಸಿನ (ವಸ್ತು ಗುರುತಿಸುವ ಮೆದುಳಿನ ಭಾಗ) ನ್ಯೂರಾನ್ ಏನು ಮಾಡುತ್ತದೆ ಅಂತ ಹೇಳಬಹುದಿತ್ತು. (ಆ ತೂಕ ಮಾತ್ರ ಕೋತಿ ಡೇಟಾದಿಂದಲೇ ತೆಗೆದದ್ದು. ಇದನ್ನು ಸುಮಾರು ಜನ ಹೇಳುವುದೇ ಇಲ್ಲ.) ಕಣ್ಣಿನಿಂದ ಬಂದ ಮಾಹಿತಿ ಐಟಿಗಿಂತ ಮೊದಲು ತಲುಪುವ ವಿ4 ಅನ್ನುವ ಭಾಗಕ್ಕೆ ನಡುವಿನ ಲೇಯರ್ ಚೆನ್ನಾಗಿ ಹೊಂದಿತು. ಪೂರ್ತಿ ಅಲ್ಲ, ಐಟಿ ನ್ಯೂರಾನ್‌ಗಳ ಮಿಡಿತ ಚಿತ್ರದಿಂದ ಚಿತ್ರಕ್ಕೆ ಏರಿಳಿಯುವುದರಲ್ಲಿ ಅರ್ಧದಷ್ಟು ಮಾತ್ರ ಮಾಡೆಲ್ ಲೆಕ್ಕಕ್ಕೆ ಸಿಕ್ಕಿತು.

2019ರಲ್ಲಿ ಡಿಕಾರ್ಲೊ ಲ್ಯಾಬ್ ಇನ್ನೂ ಮುಂದೆ ಹೋಯಿತು. ಈ ವಿ4 ನ್ಯೂರಾನ್ ಅತಿ ಜೋರಾಗಿ ಮಿಡಿಯಬೇಕಾದರೆ ಎಂಥ ಚಿತ್ರ ಬೇಕು ಅಂತ ಮಾಡೆಲ್‌ನಿಂದಲೇ ಚಿತ್ರ ಮಾಡಿಸಿದರು. ಬಂದದ್ದು ಯಾವ ವಸ್ತುವೂ ಅಲ್ಲ, ಸುಮ್ನೆ ಸುರುಳಿ, ಅಡ್ಡಾದಿಡ್ಡಿ ಗೆರೆ. ಕೋತಿಗೆ ತೋರಿಸಿದರೆ ಮಾಮೂಲಿ ಚಿತ್ರಗಳಿಗಿಂತ ಜಾಸ್ತಿ ಮಿಡಿತ!

ಹಾಗಂತ ಮೆದುಳು ಅರ್ಥ ಆಗಿಬಿಟ್ಟಿತು ಅಂತ ನಾನು ಒಪ್ಪಲ್ಲ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಗೈರ್‌ಹೋಸ್ ಮತ್ತು ಜೊತೆಗಾರರು ಬೆಕ್ಕಿನ ಚಿತ್ರಕ್ಕೆ ಆನೆ ಚರ್ಮ ಹೊದಿಸಿದರು. ಜನ ನೋಡುವುದು ಆಕಾರವನ್ನು, ಬೆಕ್ಕು ಅನ್ನುತ್ತಾರೆ. ಇಂಥದೇ ಒಂದು ಮಾಡೆಲ್ ಆನೆ ಅಂದಿತು. ಆಕಾರ ಬಿಟ್ಟು ಚರ್ಮಕ್ಕೆ ಜೋತುಬಿದ್ದಿತ್ತು.

ನನಗೆ ಇಷ್ಟ ಆಗಿದ್ದು ಆಮೇಲಿನದು. ಅವರು ಫೋಟೋಗಳ ಮೈಮೇಲೆಲ್ಲ ಪೇಂಟಿಂಗ್‌ಗಳ ಶೈಲಿ ಬಳಿದು, ಅವನ್ನೇ ತೋರಿಸಿ ಮೊದಲಿನಿಂದ ಕಲಿಸಿದರು. ಚರ್ಮ ನಂಬಿದರೆ ಕೆಲಸ ಆಗಲ್ಲ ಅಂತಾದಾಗ ಮಾಡೆಲ್ ಆಕಾರದ ಕಡೆ ವಾಲಿತು. ಕೋತಿಗೆ ಹೀಗೆ ಬೇರೆ ಬಾಲ್ಯ ಕೊಟ್ಟು ನೋಡೋದು ಇಷ್ಟು ಸುಲಭಾನಾ? ಇಲ್ಲ ಅಲ್ವಾ. ಮಾಡೆಲ್‌ನಿಂದ ನಿಜವಾದ ಲಾಭ ಇದೇ ಅನ್ನಿಸುತ್ತೆ.

ಒಂದು ತಕರಾರು ಉಳಿದಿದೆ. ಯಾವ ಮಗುವಿಗೂ ಈ ಮಾಡೆಲ್‌ಗಳಿಗೆ ಕಲಿಸಿದ ಹಾಗೆ ಲಕ್ಷಾಂತರ ಫೋಟೋಗೆ ಹೆಸರು ಹೇಳಿ ಯಾರೂ ಕಲಿಸಲ್ಲ. ಯಾಮಿನ್ಸ್ ಸ್ಟ್ಯಾನ್‌ಫರ್ಡ್‌ಗೆ ಹೋದ ಮೇಲೆ, 2021ರ ಪೇಪರಿನಲ್ಲಿ, ಹೆಸರೇ ಹೇಳದೆ ಕಲಿಸಿದ ಮಾಡೆಲ್‌ಗಳನ್ನು ಪರೀಕ್ಷಿಸಿದ್ದಾರೆ. ಪುಟ್ಟ ಮಕ್ಕಳ ತಲೆಗೆ ಕ್ಯಾಮೆರಾ ಕಟ್ಟಿ ತೆಗೆದ ವಿಡಿಯೋದಿಂದಲೂ ಕಲಿಸಿದ್ದಾರೆ. ನಾಳೆ ಅದನ್ನು ಹಿಡಿಯಬೇಕು.